ಹೆಸರಿನ ಏಕತೆ ಮತ್ತು ಯಂತ್ರದ ಉತ್ತರ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸಣ್ಣ ಸಂಸ್ಥೆಗಳು ಅಂತರಜಾಲದಲ್ಲಿ ಗೋಚರವಾಗುವ ಬಗೆ

೧

ಬ್ಯಾಡಗಿಯ ಮೆಣಸಿನಕಾಯಿಯನ್ನು ಕೊಳ್ಳಬಯಸುವ ಹೊರನಾಡಿನ ವ್ಯಾಪಾರಿಯು ಒಂದು ಕಾಲದಲ್ಲಿ ಪರಿಚಯದ ದಲಾಲರಿಗೆ ಪತ್ರ ಬರೆದು ವಿಚಾರಿಸುತ್ತಿದ್ದನು. ಅಂತರಜಾಲವು ಬಂದ ಬಳಿಕ ಶೋಧಯಂತ್ರದಲ್ಲಿ ಎರಡು ಶಬ್ದಗಳನ್ನು ಬರೆದು, ಅದು ತೋರಿಸಿದ ಹತ್ತಾರು ವಿಳಾಸಗಳಲ್ಲಿ ಬೇಕಾದುದನ್ನು ತಾನೇ ಆರಿಸಿಕೊಳ್ಳತೊಡಗಿದನು. ಇಂದು ಆತನು ಪೂರ್ಣ ವಾಕ್ಯದಲ್ಲಿ ಪ್ರಶ್ನೆಯನ್ನು ಕೇಳುತ್ತಾನೆ. ಯಂತ್ರವು ಪಟ್ಟಿಯ ಬದಲು ಉತ್ತರವನ್ನೇ ರಚಿಸಿ ಅವನ ಮುಂದಿಡುತ್ತದೆ. ಪಟ್ಟಿಯಲ್ಲಿ ಹತ್ತನೆಯ ಸ್ಥಾನದಲ್ಲಿದ್ದವನಿಗೂ ಒಂದಿಷ್ಟು ಆಸೆ ಇರುತ್ತಿದ್ದಿತು. ಉತ್ತರದಲ್ಲಾದರೋ ಹೆಸರು ಬಂದವರು ಇರುವರು. ಬಾರದವರು ಆ ಪ್ರಶ್ನೆಯ ಮಟ್ಟಿಗೆ ಇಲ್ಲವೇ ಇಲ್ಲ.

ಈ ಪರಿವರ್ತನೆ ಅತಿ ಶೀಘ್ರವಾಗಿ ನಡೆದುದು. ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದುದು ೨೦೨೨ರ ನವೆಂಬರಿನಲ್ಲಿ. ಗೂಗಲ್ ಸಂಸ್ಥೆಯು ತನ್ನ ಶೋಧಪಟ್ಟಿಯ ನೆತ್ತಿಯ ಮೇಲೆ ಯಂತ್ರರಚಿತ ಸಾರಾಂಶವನ್ನಿಡುವ ಕ್ರಮವನ್ನು ೨೦೨೪ರ ಮೇ ತಿಂಗಳಿನಲ್ಲಿ ಅಮೆರಿಕದಲ್ಲಿಯೂ ಅದೇ ವರ್ಷದ ಆಗಸ್ಟಿನಲ್ಲಿ ಭಾರತದಲ್ಲಿಯೂ ಆರಂಭಿಸಿತು. ಅಂತರಜಾಲವನ್ನು ಆಗಿಂದಾಗ್ಗೆ ಹುಡುಕಿ ಉತ್ತರಿಸುವ ಶಕ್ತಿಯನ್ನು ಚಾಟ್‌ಜಿಪಿಟಿಗೆ ಸೇರಿಸಿದುದು ಆ ವರ್ಷದ ಅಕ್ಟೋಬರಿನ ಕೊನೆಯಲ್ಲಿ. ಎರಡು ವರ್ಷಗಳೊಳಗೆ ಶೋಧದ ಸ್ವರೂಪವೇ ಬೇರೆಯಾಯಿತೆನ್ನಬಹುದು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳಲ್ಲಿರುವ ಸಣ್ಣ ಸಂಸ್ಥೆಗಳಿಗೆ, ಎಂದರೆ ರೈತ ಉತ್ಪಾದಕ ಕಂಪನಿ, ತರಕಾರಿ ಬೀಜ ಬೆಳೆಸುವ ಸಂಸ್ಥೆ, ಕಂಬಳಿ ನೇಯುವವರ ಸಹಕಾರಿ ಸಂಘ, ಏಲಕ್ಕಿಯ ಹಾರ ಕಟ್ಟುವ ಮನೆತನ, ಊರಿನ ವಾಚನಾಲಯ ಇಂಥವುಗಳಿಗೆ, ಈ ಹೊಸ ಸನ್ನಿವೇಶದಲ್ಲಿ ಯಾವ ಮಾರ್ಗವಿದೆಯೆಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಕಾರ್ಯವು ಜಾಹೀರಾತಿನ ಕಲೆಗಿಂತ ಗ್ರಂಥಾಲಯದ ಸೂಚೀಕರಣಕ್ಕೆ ಹೆಚ್ಚು ಹತ್ತಿರವಾದುದೆಂಬುದು ನಮ್ಮ ಅಭಿಪ್ರಾಯ. ಅದನ್ನು ಬ್ಯಾಡಗಿ ಮೆಣಸಿನಕಾಯಿಯ ನಿದರ್ಶನದಿಂದ ತೋರಿಸಲು ಯತ್ನಿಸುತ್ತೇವೆ.

೨

ಮೊದಲು ಯಂತ್ರದ ಕ್ರಮವನ್ನು ತಿಳಿಯುವುದು ಅವಶ್ಯ. ಉತ್ತರ ಕೊಡುವ ಯಂತ್ರಕ್ಕೆ ಎರಡು ಬಗೆಯ ಜ್ಞಾನವುಂಟು. ಒಂದು, ಅಪಾರವಾದ ಬರವಣಿಗೆಯನ್ನು ಓದಿಸಿ ತರಬೇತುಗೊಳಿಸಿದಾಗ ಭಾಷಾಮಾದರಿಯಲ್ಲಿ ಅಚ್ಚೊತ್ತಿ ಉಳಿದ ಸ್ಮೃತಿ. ಇನ್ನೊಂದು, ಪ್ರಶ್ನೆ ಬಂದ ಕ್ಷಣದಲ್ಲಿ ಶೋಧಯಂತ್ರದ ಸೂಚಿಯಿಂದ ತೆಗೆದು ತಂದ ಪುಟಗಳ ತುಣುಕುಗಳು. ಬೇಲೂರಿನ ದೇವಾಲಯದ ಬಗೆಗೆ ಕೇಳಿದರೆ ಮೊದಲನೆಯದೇ ಸಾಕಾದೀತು. ಅದನ್ನು ಕುರಿತು ಸಾವಿರಾರು ಪುಟಗಳು ಇವೆ. ರಾಣೆಬೆನ್ನೂರಿನ ಒಂದು ಕಂಬಳಿ ಸಂಘದ ವಿಷಯದಲ್ಲಿ ಆ ಸ್ಮೃತಿಯು ಬಹುಮಟ್ಟಿಗೆ ಬರಿದು. ಅಂತರಜಾಲದ ಒಟ್ಟು ಬರವಣಿಗೆಯಲ್ಲಿ ಕನ್ನಡದ ಪಾಲು ಶೇಕಡಾ ಒಂದರಲ್ಲಿಯೂ ಒಂದು ಸಣ್ಣ ಅಂಶ. ಅದರೊಳಗೆ ಒಂದು ತಾಲ್ಲೂಕಿನ ಒಂದು ಸಂಘಕ್ಕೆ ಎಷ್ಟು ಎಡೆ ದೊರಕೀತೆಂಬುದನ್ನು ವಾಚಕರೇ ಊಹಿಸಬಹುದು. ಆದುದರಿಂದ ಸಣ್ಣ ಸಂಸ್ಥೆಯು ಆಶ್ರಯಿಸಬೇಕಾದುದು ಎರಡನೆಯದನ್ನು.

ಎರಡನೆಯ ಕ್ರಮವು ನಡೆಯುವ ಬಗೆ ಹೀಗೆ. ಪ್ರಶ್ನೆಯನ್ನು ಯಂತ್ರವು ಹಲವು ಉಪಪ್ರಶ್ನೆಗಳಾಗಿ ಒಡೆಯುತ್ತದೆ. “ಅಪ್ಪಟ ಡಬ್ಬಿ ಮೆಣಸಿನಕಾಯಿಯನ್ನು ಬೆಳೆಗಾರರಿಂದಲೇ ಕೊಳ್ಳುವುದು ಹೇಗೆ” ಎಂದು ಕೇಳಿದರೆ, ಡಬ್ಬಿ ಎಂದರೇನು, ಅದು ಎಲ್ಲಿ ಬೆಳೆಯುತ್ತದೆ, ಬೆಳೆಗಾರರ ಸಂಘಗಳು ಯಾವುವು, ಅವುಗಳ ವಿಳಾಸವೇನು ಎಂದು ಬೇರೆಬೇರೆಯಾಗಿ ಹುಡುಕುತ್ತದೆ. ಒಂದೊಂದಕ್ಕೂ ದೊರೆತ ಪುಟಗಳಿಂದ ಒಂದೆರಡು ಪರಿಚ್ಛೇದಗಳನ್ನು ಕತ್ತರಿಸಿ, ಒಂದಕ್ಕೊಂದು ಹೊಂದುವವನ್ನು ಉಳಿಸಿ, ಅವುಗಳಿಂದ ಉತ್ತರವನ್ನು ಹೆಣೆದು, ಕೆಲವು ಪುಟಗಳನ್ನು ಆಧಾರವೆಂದು ಹೆಸರಿಸುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಯಂತ್ರವು ಹೆಕ್ಕುವುದು ಇಡಿಯ ಪುಟವನ್ನಲ್ಲ, ಪರಿಚ್ಛೇದವನ್ನು. ಆದುದರಿಂದ ಪ್ರತಿ ಪರಿಚ್ಛೇದವೂ ತನ್ನಷ್ಟಕ್ಕೆ ಅರ್ಥವತ್ತಾಗಿರಬೇಕು. “ನಮ್ಮ ಸಂಸ್ಥೆಯು ಇಲ್ಲಿ ಸ್ಥಾಪನೆಗೊಂಡಿತು” ಎಂಬ ವಾಕ್ಯವನ್ನು ಪುಟದಿಂದ ಕಿತ್ತು ತೆಗೆದರೆ ಯಾರ ಸಂಸ್ಥೆ, ಎಲ್ಲಿ ಎಂಬುದು ತಿಳಿಯದು. ಮತ್ತು, ಬೇರೆಬೇರೆ ಪುಟಗಳಲ್ಲಿ ಬಂದ ಹೇಳಿಕೆಗಳು ಒಂದೇ ವಸ್ತುವನ್ನು ಕುರಿತವೆಂದು ಯಂತ್ರಕ್ಕೆ ಖಚಿತವಾಗಬೇಕು. ಖಚಿತವಾಗದಿದ್ದರೆ ಅದು ಬೇರೆ ಕಡೆಗೆ ತಿರುಗುತ್ತದೆ.

ಈ ಖಚಿತತೆಯೇ ನಮ್ಮ ಮೂರು ಊರುಗಳಲ್ಲಿ ದುರ್ಲಭವಾದ ವಸ್ತು.

೩

ಬ್ಯಾಡಗಿ ಎಂಬ ಹೆಸರನ್ನೇ ತೆಗೆದುಕೊಳ್ಳೋಣ. ೨೦೧೧ರಲ್ಲಿ ಇಲ್ಲಿಯ ಮೆಣಸಿನಕಾಯಿಯು ಭೌಗೋಳಿಕ ಸೂಚಿಯಾಗಿ ನೋಂದಾವಣೆಗೊಂಡಿತು. ಆಂಗ್ಲ ಅಕ್ಷರಗಳಲ್ಲಿ ಅದರ ಹೆಸರನ್ನು ಬಿ-ವೈ-ಎ-ಡಿ-ಜಿ-ಐ ಎಂದು ಬರೆಯುವುದುಂಟು. ಡಿ ಮತ್ತು ಜಿ ಅಕ್ಷರಗಳ ನಡುವೆ ಇನ್ನೊಂದು ಎ ಸೇರಿಸಿ ಬರೆಯುವವರು ಹಲವರು. ಮುಂಬಯಿ, ಪುಣೆಗಳ ಅಂಗಡಿಗಳಲ್ಲಿ ಇದು ಮರಾಠಿಯ ಉಚ್ಚಾರಕ್ಕನುಗುಣವಾಗಿ ‘ಬೇಡಗಿ’. ಪೊಟ್ಟಣದ ಮೇಲೆ ಬಿ-ಇ-ಡಿ-ಜಿ-ಐ. ಕನ್ನಡದಲ್ಲಿಯೇ ಬ್ಯಾಡಗಿ, ಬ್ಯಾಡ್ಗಿ, ಬ್ಯಾಡಿಗೆ ಎಂಬ ರೂಪಗಳು ಬಳಕೆಯಲ್ಲಿವೆ. ಕರಾವಳಿಯ ಅಡುಗೆಮನೆಯಲ್ಲಿ ಕೊನೆಯದು. ರಾಣೆಬೆನ್ನೂರಿನ ಪಾಡು ಇದಕ್ಕಿಂತ ಮೇಲೇನಲ್ಲ. ರೈಲು ನಿಲ್ದಾಣದ ಆಂಗ್ಲ ಫಲಕದಲ್ಲಿ ಅದು ‘ರಾಣಿ’, ತಾಲ್ಲೂಕು ಕಚೇರಿಯಲ್ಲಿ ‘ರಾಣೆ’. ಕೊನೆಯಲ್ಲಿ ಯು ಬರೆಯುವವರೂ ಬರೆಯದವರೂ ಸಮಸಮವಾಗಿದ್ದಾರೆ. ೨೦೧೪ರ ನವೆಂಬರ್ ೧ರಂದು ರಾಜ್ಯದ ಹನ್ನೆರಡು ನಗರಗಳ ಆಂಗ್ಲ ಹೆಸರುಗಳನ್ನು ಅಧಿಕೃತವಾಗಿ ಪರಿಷ್ಕರಿಸಲಾಯಿತು. ನಮ್ಮ ಮೂರು ಊರುಗಳು ಆ ಪಟ್ಟಿಯಲ್ಲಿರಲಿಲ್ಲವಾದ್ದರಿಂದ ಅವುಗಳ ಕಾಗುಣಿತವು ಬರೆಯುವವನ ಇಚ್ಛೆಗೇ ಉಳಿಯಿತು.

ದೊಡ್ಡ ಊರುಗಳ ವಿಷಯದಲ್ಲಿ ಯಂತ್ರಗಳು ಇಂಥ ಭೇದಗಳನ್ನು ಸುಲಭವಾಗಿ ದಾಟುತ್ತವೆ. ಬ್ಯಾಡಗಿಯನ್ನೂ ಬೇಡಗಿಯನ್ನೂ ಒಂದೆಂದು ಅವು ಹಲವು ವೇಳೆ ಗ್ರಹಿಸುವುದುಂಟು. ತೊಡಕಿರುವುದು ಹೆಸರಿನ ರೂಪದಲ್ಲಿ ಮಾತ್ರವೇ ಅಲ್ಲ, ಅದರ ಅರ್ಥದಲ್ಲಿಯೂ. ಬ್ಯಾಡಗಿ ಎಂದರೆ ಒಂದು ಪಟ್ಟಣ, ಒಂದು ತಾಲ್ಲೂಕು, ಒಂದು ಪೇಟೆ, ಡಬ್ಬಿ ಮತ್ತು ಕಡ್ಡಿ ಎಂಬ ಎರಡು ದೇಶೀ ಬಗೆಗಳ ಕುಲನಾಮ, ಕಾಯಿದೆಯ ರಕ್ಷಣೆಯುಳ್ಳ ಒಂದು ಭೌಗೋಳಿಕ ಸೂಚಿ, ಇವೆಲ್ಲದರ ಮೇಲೆ, ೫೫೩೧, ೨೦೪೩ ಮೊದಲಾದ ಸಂಖ್ಯೆಗಳಿಂದ ಕರೆಯಲ್ಪಡುವ ಸಂಕರ ತಳಿಗಳ ಜೊತೆಗೆ ವ್ಯಾಪಾರದಲ್ಲಿ ಅಂಟಿಕೊಂಡಿರುವ ವಿಶೇಷಣ. ಈ ಪೇಟೆಗೆ ಬರುವ ಸರಕಿನ ಬಹುಭಾಗವು ಬ್ಯಾಡಗಿ ತಾಲ್ಲೂಕಿನಲ್ಲಿ ಬೆಳೆದುದೇ ಅಲ್ಲ. ಗದಗ, ಧಾರವಾಡ, ಬಳ್ಳಾರಿ, ರಾಯಚೂರುಗಳಿಂದಲೂ ಆಂಧ್ರದ ಕರ್ನೂಲು ಸೀಮೆಯಿಂದಲೂ ಚೀಲಗಳು ಇಲ್ಲಿಗೆ ಬರುತ್ತವೆ. ಪೇಟೆಯ ದೃಷ್ಟಿಯಿಂದ ಅದು ಹಿರಿಮೆ. ಆದರೆ ಸುಕ್ಕುಗಟ್ಟಿದ ಸಿಪ್ಪೆಯ, ಖಾರ ಕಡಮೆಯಾಗಿ ಬಣ್ಣ ಗಾಢವಾದ ಡಬ್ಬಿಯನ್ನು ಕಷ್ಟಪಟ್ಟು ಉಳಿಸಿಕೊಂಡು ಬಂದ ಹತ್ತಿಪ್ಪತ್ತು ರೈತರ ಒಂದು ಕೂಟಕ್ಕೆ ಈ ಅರ್ಥಸಂಕರವು ನೇರವಾದ ನಷ್ಟ. ಸಂಕರ ತಳಿಯ ಕಾಯಿಯೂ ಬ್ಯಾಡಗಿ, ತಮ್ಮದೂ ಬ್ಯಾಡಗಿ ಎಂದಾದಾಗ ಬೆಲೆಯ ಅಂತರಕ್ಕೆ ಕಾರಣವನ್ನು ಕೊಳ್ಳುವವನಿಗೆ ಹೇಳುವವರಾರು? ಹಿಂದೆ ದಲಾಲನು ಕೈಯಲ್ಲಿ ಮುರಿದು ತೋರಿಸಿ ಹೇಳುತ್ತಿದ್ದನು. ಈಗ ಯಂತ್ರವು ತನಗೆ ಸಿಕ್ಕ ಪುಟಗಳನ್ನು ಓದಿ ಹೇಳುತ್ತದೆ. ಆ ಪುಟಗಳನ್ನು ಬರೆದವರು ಬಹುಮಟ್ಟಿಗೆ ದೂರದ ನಗರಗಳ ಮರುಮಾರಾಟಗಾರರು.

ಇದಕ್ಕೆ ಇನ್ನೊಂದು ಉದಾಹರಣೆಯೂ ಇದೆ. ೨೦೨೪ರ ಮಾರ್ಚ್ ೧೧ರಂದು ಧಾರಣೆ ಕುಸಿದುದರಿಂದ ಕುಪಿತರಾದ ರೈತರು ಬ್ಯಾಡಗಿಯ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ, ವಾಹನಗಳಿಗೆ ಬೆಂಕಿಯಿಟ್ಟರು. ಆ ದಿನದ ಸುದ್ದಿಯನ್ನು ದೇಶದ ಪತ್ರಿಕೆಗಳೆಲ್ಲ ಆಂಗ್ಲದಲ್ಲಿ ವಿಸ್ತಾರವಾಗಿ ಬರೆದವು. ಅದೇ ಪೇಟೆಯಲ್ಲಿ ವರ್ಷವರ್ಷವೂ ಶಾಂತವಾಗಿ ನಡೆಯುವ ತೂಕ, ಟೆಂಡರು, ಹಣಪಾವತಿ ಇವುಗಳನ್ನು ಕುರಿತು ಓದಬಲ್ಲ ಗದ್ಯವು ಅತ್ಯಲ್ಪ. ಇರುವುದು ಅಂಕಿಗಳ ಕೋಷ್ಟಕ. ಬರಹ ಎಲ್ಲಿ ದಟ್ಟವಾಗಿದೆಯೋ ಯಂತ್ರವು ಅತ್ತ ವಾಲುವುದು ಸ್ವಾಭಾವಿಕ. ಊರಿನವರು ತಮ್ಮನ್ನು ಕುರಿತು ಬರೆಯದೆ ಬಿಟ್ಟ ಜಾಗವನ್ನು ಬೇರೆಯವರ ಬರಹವು ತುಂಬುತ್ತದೆ.

೪

ಒಂದೇ ವಸ್ತುವಿಗೆ ಹಲವು ಹೆಸರು, ಒಂದೇ ಹೆಸರಿಗೆ ಹಲವು ವಸ್ತು, ಈ ಎರಡು ಕಷ್ಟಗಳು ಗ್ರಂಥಪಾಲಕರಿಗೆ ಹೊಸವಲ್ಲ. ಅಮೆರಿಕದ ಚಾರ್ಲ್ಸ್ ಕಟರನು ೧೮೭೬ರಲ್ಲಿ ಪ್ರಕಟಿಸಿದ ಸೂಚೀಕರಣ ನಿಯಮಗಳಲ್ಲಿಯೂ, ನಮ್ಮವರೇ ಆದ ಎಸ್. ಆರ್. ರಂಗನಾಥನ್ ಅವರು ೧೯೩೪ರಲ್ಲಿ ಹೊರತಂದ ವರ್ಗೀಕೃತ ಸೂಚಿಯ ಸಂಹಿತೆಯಲ್ಲಿಯೂ ಇದಕ್ಕೆ ಪರಿಹಾರ ಉಂಟು. ರಂಗನಾಥನ್ ಅವರು ೧೯೬೨ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಪ್ರಲೇಖನ ಸಂಶೋಧನ ಹಾಗೂ ತರಬೇತಿ ಕೇಂದ್ರವನ್ನು ಬಲ್ಲ ವಾಚಕರಿಗೆ ಈ ಮಾತು ಪರಿಚಿತವೇ. ಪರಿಹಾರವಿಷ್ಟೆ: ಹಲವು ರೂಪಗಳಲ್ಲಿ ಒಂದನ್ನು ಪ್ರಮಾಣವೆಂದು ಆರಿಸುವುದು, ಉಳಿದ ರೂಪಗಳಿಂದ ಅದರತ್ತ ಕೈದೋರುವುದು, ಹೆಸರು ಒಂದೇ ಆಗಿ ವ್ಯಕ್ತಿಗಳು ಬೇರೆಯಾದಲ್ಲಿ ಜನ್ಮವರ್ಷವನ್ನೋ ಊರನ್ನೋ ಸೇರಿಸಿ ಪ್ರತ್ಯೇಕಿಸುವುದು. ಇದನ್ನು ಪ್ರಮಾಣನಾಮ ಸೂಚಿ ಎನ್ನಬಹುದು. ಸಣ್ಣ ಸಂಸ್ಥೆಯು ಜಾಲತಾಣವನ್ನು ಕಟ್ಟುವುದಕ್ಕಿಂತ ಮುಂಚೆ ತನ್ನನ್ನು ಕುರಿತು ಇಂಥದೊಂದು ಹಾಳೆಯನ್ನು ಸಿದ್ಧಪಡಿಸಿಕೊಳ್ಳಬೇಕು.

ಅದರಲ್ಲಿ ಏನಿರಬೇಕು? ನೋಂದಾವಣೆ ಪತ್ರದಲ್ಲಿರುವ ಪೂರ್ಣ ಹೆಸರು, ಅದರ ಕನ್ನಡ ರೂಪ ಒಂದು, ಆಂಗ್ಲ ರೂಪ ಒಂದು. ಈ ಎರಡನ್ನು ಫಲಕ, ರಸೀತಿ, ಪೊಟ್ಟಣ, ಭೂಪಟದ ಗುರುತು, ಬ್ಯಾಂಕಿನ ಖಾತೆ ಎಲ್ಲೆಡೆಯಲ್ಲಿಯೂ ಅಕ್ಷರ ವ್ಯತ್ಯಾಸವಿಲ್ಲದೆ ಬಳಸಬೇಕು. ಜನರು ಬಳಸುವ ಉಳಿದ ರೂಪಗಳನ್ನು ಅಲ್ಲಗಳೆಯಬೇಕಾಗಿಲ್ಲ. “ಬೇಡಗಿ ಎಂದೂ ಕರೆಯಲ್ಪಡುವ” ಎಂಬಂಥ ಒಂದು ವಾಕ್ಯದಲ್ಲಿ ಅವನ್ನು ಒಮ್ಮೆ ಹೇಳಿಬಿಟ್ಟರೆ ಸಾಕು.

ಹೆಸರಿಡುವಲ್ಲಿಯೂ ನಮ್ಮವರು ಸ್ವಲ್ಪ ಯೋಚಿಸಬೇಕಾಗಿದೆ. ಇಷ್ಟದೈವದ ಹೆಸರಿನಲ್ಲಿ ಅಂಗಡಿಯನ್ನೋ ಸಂಘವನ್ನೋ ತೆರೆಯುವುದು ಈ ಭಾಗದ ಸತ್ಸಂಪ್ರದಾಯ. ಪರಿಣಾಮವಾಗಿ ಬಸವೇಶ್ವರ, ವೀರಭದ್ರೇಶ್ವರ, ಸಿದ್ಧೇಶ್ವರ ಎಂಬ ಹೆಸರಿನ ಟ್ರೇಡಿಂಗ್ ಕಂಪನಿಗಳು ಒಂದೊಂದು ಪೇಟೆಯಲ್ಲಿಯೂ ಹಲವಿರುತ್ತವೆ. ದೇವರಿಗೆ ಇದರಿಂದ ಬಾಧಕವಿಲ್ಲ. ಬಾಧಕವೆಲ್ಲ ಗಿರಾಕಿಯ ದೂರವಾಣಿ ಕರೆ ಮತ್ತೊಬ್ಬನಿಗೆ ಹೋಗುವವನಿಗೆ. ವಿಳಾಸವೂ ಅಷ್ಟೇ. ಹಳೆಯ ಪೂನಾ-ಬೆಂಗಳೂರು ಹೆದ್ದಾರಿಯ ಮಗ್ಗುಲಿನ ಊರುಗಳಲ್ಲೆಲ್ಲ ಒಂದೊಂದು ಪಿ. ಬಿ. ರಸ್ತೆಯುಂಟು, ಹಾವೇರಿಯಲ್ಲಿಯೂ ರಾಣೆಬೆನ್ನೂರಿನಲ್ಲಿಯೂ ಅದು ಇದೆ. ಆದುದರಿಂದ ಹೆಸರಿನೊಡನೆ ಊರನ್ನೂ, ವಿಳಾಸದೊಡನೆ ಪಿನ್ ಸಂಖ್ಯೆಯನ್ನೂ ಬಿಡದೆ ಬರೆಯಬೇಕು. ಹಾವೇರಿ ೫೮೧೧೧೦, ರಾಣೆಬೆನ್ನೂರು ೫೮೧೧೧೫, ಬ್ಯಾಡಗಿ ೫೮೧೧೦೬: ಮನುಷ್ಯನು ಲಕ್ಷಿಸದ ಈ ಆರು ಅಂಕಿಗಳು ಎರಡು ಸಂಸ್ಥೆಗಳನ್ನು ಬೇರ್ಪಡಿಸುವಲ್ಲಿ ಯಂತ್ರಕ್ಕೆ ಬಹಳ ಉಪಯುಕ್ತ. ಜಿಲ್ಲೆಯ ಹೆಸರನ್ನೂ ಹೇಳಬೇಕು. ಏಕೆಂದರೆ ಹಾವೇರಿ ಜಿಲ್ಲೆಯು ರಚನೆಯಾದುದು ೧೯೯೭ರ ಆಗಸ್ಟಿನಲ್ಲಿ. ಅದಕ್ಕಿಂತ ಹಳೆಯ ಪುಸ್ತಕ, ವರದಿಗಳಲ್ಲೆಲ್ಲ ಬ್ಯಾಡಗಿಯು ಧಾರವಾಡ ಜಿಲ್ಲೆಯಲ್ಲಿದೆ. ಅವುಗಳಿಂದ ನಕಲು ಮಾಡಿದ ಹೊಸ ಪುಟಗಳಲ್ಲಿಯೂ ಅದು ಅಲ್ಲಿಯೇ ಉಳಿಯುತ್ತದೆ.

ಸಿದ್ಧವಾದ ಈ ಹಾಳೆಯನ್ನು ಯಂತ್ರವು ನೇರವಾಗಿ ಓದುವ ರೂಪದಲ್ಲಿ ಪುಟದ ಒಳಗೆ ಅಡಕಮಾಡಲು ಒಂದು ಸಾಮಾನ್ಯ ಪದಕೋಶವಿದೆ. ಗೂಗಲ್, ಬಿಂಗ್, ಯಾಹೂ ಸಂಸ್ಥೆಗಳು ೨೦೧೧ರಲ್ಲಿ ಕೂಡಿ ಆರಂಭಿಸಿದ ಇದಕ್ಕೆ ಸ್ಕೀಮಾ ಎಂದು ಹೆಸರು. ಹೆಸರು, ಪರ್ಯಾಯ ಹೆಸರು, ವಿಳಾಸ, ಸ್ಥಾಪನೆಯ ವರ್ಷ ಮುಂತಾದುವಕ್ಕೆ ಅದರಲ್ಲಿ ಗೊತ್ತಾದ ಮನೆಗಳಿವೆ. ತಾಣ ಕಟ್ಟುವ ತರುಣನಿಗೆ ಇದು ಒಂದು ಗಂಟೆಯ ಕೆಲಸ. ಹಾಗೆಂದು ಇದನ್ನು ಮಂತ್ರವೆಂದು ಭಾವಿಸಬಾರದು. ಸಾರಾಂಶದಲ್ಲಿ ಕಾಣಿಸಿಕೊಳ್ಳಲು ಸಾಮಾನ್ಯ ಶೋಧಕ್ಕೆ ಬೇಕಾದುದಕ್ಕಿಂತ ಬೇರೆಯಾದ ವಿಶೇಷ ಸಿದ್ಧತೆಯೇನೂ ಬೇಕಿಲ್ಲವೆಂದು ಗೂಗಲ್ ಸಂಸ್ಥೆಯೇ ಹೇಳಿದೆ. ಯಂತ್ರದ ಉತ್ತರದಲ್ಲಿ ಮೊದಲ ಸ್ಥಾನವನ್ನು ಕೊಡಿಸುತ್ತೇವೆಂದು ಹಣ ಕೇಳುವವರ ಮಾತನ್ನು ಈ ಹಿನ್ನೆಲೆಯಲ್ಲಿ ತೂಗಿ ನೋಡಬೇಕು.

೫

ಹೆಸರು ಸರಿಯಾಯಿತೆನ್ನೋಣ, ಅದು ಓದಲು ಸಿಗಬೇಕಷ್ಟೆ. ನಮ್ಮ ಸಂಸ್ಥೆಗಳ ಬರವಣಿಗೆಯ ಬಹುಭಾಗ ಇಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿದೆ. ಅಲ್ಲಿಗೆ ಶೋಧಯಂತ್ರದ ಪ್ರವೇಶವಿಲ್ಲ. ಫೇಸ್‌ಬುಕ್ ಮೊದಲಾದ ಕಡೆಗಳಲ್ಲಿರುವುದೂ ಬಹುಪಾಲು ಬಾಗಿಲು ಹಾಕಿದ ಮನೆಯೊಳಗಿನ ಮಾತು. ಜಾಲತಾಣವಿದ್ದರೂ ಅದರಲ್ಲಿರುವುದು ಕರಪತ್ರದ ಚಿತ್ರ. ಮನುಷ್ಯನ ಕಣ್ಣಿಗೆ ಅದು ಅಂದವಾದ ಕನ್ನಡ. ಯಂತ್ರವು ಅದರೊಳಗಿನ ಅಕ್ಷರವನ್ನು ಪ್ರತಿ ಸಲವೂ ಬಿಡಿಸಿ ಓದುತ್ತದೆಂಬ ಭರವಸೆಯಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಡಕು ಹಳೆಯ ಅಕ್ಷರವಿನ್ಯಾಸದ್ದು. ಯೂನಿಕೋಡ್ ಎಂಬ ವಿಶ್ವಸಂಕೇತದಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆಯಾದರೂ, ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಆವೃತ್ತಿಗಳಲ್ಲಿ ಆಂಗ್ಲ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಹೊದಿಸುವ ಪದ್ಧತಿ ಇದ್ದಿತು. ಮುದ್ರಣಕ್ಕೆ ಅದರಿಂದ ಮಹೋಪಕಾರವಾಯಿತು; ಅದನ್ನು ಕೃತಜ್ಞತೆಯಿಂದಲೇ ನೆನೆಯಬೇಕು. ಆದರೆ ಹಾಗೆ ಸಿದ್ಧವಾದ ಪಿಡಿಎಫ್ ಕಡತವನ್ನು ಯಂತ್ರವು ತೆರೆದಾಗ ಅದಕ್ಕೆ ಕಾಣುವುದು ಕನ್ನಡವಲ್ಲ, ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ರಾಶಿ. ಸಹಕಾರಿ ಸಂಘಗಳ ಹಳೆಯ ವಾರ್ಷಿಕ ವರದಿಗಳು, ಊರಿನ ಇತಿಹಾಸದ ಸ್ಮರಣಸಂಚಿಕೆಗಳು, ಜಾತ್ರೆಯ ಪತ್ರಿಕೆಗಳು ಹೀಗೆ ಎಷ್ಟೋ ಇವೆ. ಇವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿ ದೊರೆಯುತ್ತವೆ. ಪರಿವರ್ತನೆಯ ಬಳಿಕ ಒತ್ತಕ್ಷರ, ಅರ್ಕಾವತ್ತುಗಳನ್ನು ಒಬ್ಬರು ಕಣ್ಣಿಟ್ಟು ತಿದ್ದಬೇಕಾಗುತ್ತದೆ. ಒಂದು ಹೊಸ ಜಾಹೀರಾತಿಗಿಂತ ಹಳೆಯ ಒಂದು ವರದಿಯ ಉದ್ಧಾರವು ಹೆಚ್ಚು ಫಲಕಾರಿಯೆಂದು ನಮಗೆ ತೋರುತ್ತದೆ; ಸಂಘದ ಸ್ಥಾಪನೆಯ ವರ್ಷ, ಸದಸ್ಯರ ಸಂಖ್ಯೆ, ಮಾಡಿದ ಕೆಲಸ ಇವೆಲ್ಲ ಅದರಲ್ಲಿಯೇ ಹುದುಗಿರುತ್ತವೆ.

ಬಾಗಿಲು ತಿಳಿಯದೆಯೇ ಮುಚ್ಚಿರುವುದೂ ಉಂಟು. ಶೋಧಯಂತ್ರಗಳ ಪರವಾಗಿ ಪುಟದಿಂದ ಪುಟಕ್ಕೆ ತಿರುಗಾಡುವ ಕ್ರಾಲರ್ ಎಂಬ ತಂತ್ರಾಂಶಗಳಿಗೆ ಎಲ್ಲಿಗೆ ಬರಬಹುದು, ಎಲ್ಲಿಗೆ ಬರಬಾರದು ಎಂದು ತಿಳಿಸುವ ಒಂದು ಪುಟ್ಟ ಕಡತವನ್ನು ಪ್ರತಿ ತಾಣದಲ್ಲಿಯೂ ಇಡುವ ವಾಡಿಕೆ ೧೯೯೪ರಷ್ಟು ಹಳೆಯದು. ತಾಣಗಳ ರಕ್ಷಣೆಯನ್ನು ನಡೆಸುವ ಕ್ಲೌಡ್‌ಫ್ಲೇರ್ ಸಂಸ್ಥೆಯು ೨೦೨೫ರ ಜುಲೈಯಿಂದ ಹೊಸದಾಗಿ ಸೇರುವ ತಾಣಗಳಲ್ಲಿ ಕೃತಕ ಬುದ್ಧಿಮತ್ತೆಯ ಕ್ರಾಲರ್‌ಗಳನ್ನು ತಾನಾಗಿಯೇ ತಡೆಯತೊಡಗಿತು. ತಮ್ಮ ಬರಹವನ್ನು ಬೆಲೆಯಿಲ್ಲದೆ ಒಯ್ಯುತ್ತಾರೆಂದು ದೂರುವ ಪತ್ರಿಕೆಗಳಿಗೆ ಇದು ನ್ಯಾಯವಾದ ರಕ್ಷಣೆ. ಕಂಬಳಿ ಮಾರುವ ಸಂಘಕ್ಕೆ ಮಾತ್ರ ಇದು ಸಂತೆಯ ದಿನ ಅಂಗಡಿಯ ಬಾಗಿಲು ಹಾಕಿದಂತೆ. ಎರಡರಲ್ಲಿ ತಮಗೆ ಯಾವುದು ಬೇಕೆಂಬುದನ್ನು ಸಂಸ್ಥೆಯವರು ತಿಳಿದು ನಿರ್ಧರಿಸಬೇಕು.

೬

ಪುಟದಲ್ಲಿ ಏನನ್ನು ಬರೆಯಬೇಕೆಂಬ ವಿಷಯದಲ್ಲಿ ಒಂದು ಪ್ರಯೋಗವನ್ನು ಉಲ್ಲೇಖಿಸಬಹುದು. ೨೦೨೩ರ ನವೆಂಬರಿನಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ, ದಿಲ್ಲಿಯ ಐಐಟಿ ಮೊದಲಾದೆಡೆಯ ಸಂಶೋಧಕರು ಪ್ರಕಟಿಸಿದ ಪ್ರಬಂಧದಲ್ಲಿ, ಉತ್ತರಿಸುವ ಯಂತ್ರಗಳು ಯಾವ ಬಗೆಯ ಪುಟಗಳನ್ನು ಹೆಚ್ಚಾಗಿ ಬಳಸಿಕೊಳ್ಳುತ್ತವೆಂಬುದನ್ನು ಪರೀಕ್ಷಿಸಿದ್ದಾರೆ. ಅಂಕಿಸಂಖ್ಯೆಗಳನ್ನೂ ಆಧಾರಗಳನ್ನೂ ಬಲ್ಲವರ ಮಾತುಗಳನ್ನೂ ಸೇರಿಸಿದ ಪುಟಗಳ ಗೋಚರತೆಯು ಶೇಕಡಾ ೪೦ರ ವರೆಗೆ ಹೆಚ್ಚಿತು. ಹುಡುಕುವವರು ಬಳಸುವ ಶಬ್ದಗಳನ್ನೇ ಮತ್ತೆ ಮತ್ತೆ ತುರುಕುವ ಹಳೆಯ ಉಪಾಯದಿಂದ ಏನೂ ಪ್ರಯೋಜನವಾಗಲಿಲ್ಲ. ಪಟ್ಟಿಯಲ್ಲಿ ಕೆಳಗಿದ್ದ ತಾಣಗಳಿಗೇ ಈ ಸುಧಾರಣೆಯಿಂದ ಹೆಚ್ಚಿನ ಲಾಭವಾಯಿತೆಂಬ ಅಂಶವು ನಮಗೆ ವಿಶೇಷವಾಗಿ ಗಮನಾರ್ಹ. ಪ್ರಯೋಗವು ಇಂಗ್ಲಿಷಿನ ಪ್ರಶ್ನೆಗಳನ್ನು ಅವಲಂಬಿಸಿದುದಾದ್ದರಿಂದ ಕನ್ನಡಕ್ಕೆ ಅದೇ ಪ್ರಮಾಣವು ಅನ್ವಯಿಸುವುದೆಂದು ಹೇಳುವಂತಿಲ್ಲ. ದಿಕ್ಕು ಮಾತ್ರ ಸ್ಪಷ್ಟ.

“ಉತ್ಕೃಷ್ಟ ಗುಣಮಟ್ಟದ, ಪರಿಶುದ್ಧ, ವಿಶ್ವಾಸಾರ್ಹ ಮೆಣಸಿನಕಾಯಿ” ಎಂಬ ಸಾಲನ್ನು ಯಂತ್ರವು ಯಾವ ಪ್ರಶ್ನೆಗೂ ಉತ್ತರವಾಗಿ ಬಳಸಲಾರದು. ಯಾವ ಗ್ರಾಮಗಳ ಹೊಲಗಳಲ್ಲಿ ಬೆಳೆದುದು, ದೇಶೀ ಬೀಜವೋ ಸಂಕರವೋ, ಯಾವ ತಿಂಗಳಲ್ಲಿ ಕೊಯ್ಲು, ಕಣದಲ್ಲಿ ಎಷ್ಟು ದಿನ ಒಣಗಿಸಿದುದು, ಬಣ್ಣದ ಪ್ರಮಾಣವನ್ನು ಯಾವ ಪ್ರಯೋಗಾಲಯವು ಎಷ್ಟೆಂದು ಅಳೆಯಿತು, ಕನಿಷ್ಠ ಎಷ್ಟು ಕಿಲೋ ಕಳುಹಿಸಬಲ್ಲಿರಿ, ಶೀತಲಗೃಹದಲ್ಲಿ ಇಟ್ಟುದೋ ಹೊಸದೋ ಎಂಬಿವು ಉತ್ತರಗಳು. ಗಿರಾಕಿಗಳು ದೂರವಾಣಿಯಲ್ಲಿ ದಿನವೂ ಕೇಳುವ ಪ್ರಶ್ನೆಗಳು ಇವೇ. ಸಂಘದ ಕಾರ್ಯದರ್ಶಿಯು ಒಂದು ತಿಂಗಳ ಕರೆಗಳಲ್ಲಿ ಬಂದ ಪ್ರಶ್ನೆಗಳನ್ನು ಬರೆದಿಟ್ಟುಕೊಂಡು, ಒಂದೊಂದಕ್ಕೂ ನಾಲ್ಕೈದು ವಾಕ್ಯಗಳ ಉತ್ತರವನ್ನು ಪ್ರಕಟಿಸಿದರೆ ಪುಟವು ತಾನಾಗಿಯೇ ಸಿದ್ಧವಾದಂತೆ. ಹಾವೇರಿಯ ಏಲಕ್ಕಿ ಹಾರದವರಿಗೂ ಇದೇ ಮಾತು. ಏಲಕ್ಕಿಯು ಹಾವೇರಿಯಲ್ಲಿ ಬೆಳೆಯುವುದಿಲ್ಲ, ಮಲೆನಾಡಿನದು. ಹಾಗಿರಲು ಹಾರವು ಇಲ್ಲಿಯದೇಕೆ ಎಂಬುದು ಹೊರಗಿನವನ ಮೊದಲ ಪ್ರಶ್ನೆ. ಅದಕ್ಕೆ ಉತ್ತರವನ್ನು ಬಲ್ಲವರು ಹಾರ ಕಟ್ಟುವವರೇ.

ಭಾಷೆಯ ಪ್ರಶ್ನೆಯು ಇಲ್ಲಿ ಬರುತ್ತದೆ. ಕನ್ನಡದಲ್ಲಿ ಕೇಳಿದ ಪ್ರಶ್ನೆಗೂ ಯಂತ್ರಗಳು ಹಲವು ವೇಳೆ ಆಂಗ್ಲ ಪುಟಗಳನ್ನೇ ಓದಿ ಕನ್ನಡದಲ್ಲಿ ಉತ್ತರಿಸುತ್ತವ. ಆದುದರಿಂದ ಆಂಗ್ಲ ಪುಟವಿಲ್ಲದೆ ನಡೆಯದು. ಹಾಗೆಂದು ಕನ್ನಡವನ್ನು ಬಿಡುವುದು ಅವಿವೇಕ. “ಇವತ್ತ ಮೆಣಸಿನಕಾಯಿ ರೇಟ್ ಎಷ್ಟೈತಿ” ಎಂದು ಮೊಬೈಲಿಗೆ ಬಾಯಿಯಿಂದಲೇ ಕೇಳುವ ರೈತನು ಈ ಸೀಮೆಯಲ್ಲಿ ಈಗಾಗಲೇ ಇದ್ದಾನೆ. ಅಲ್ಲದೆ ಡಬ್ಬಿ, ಕಡ್ಡಿ, ಕಣ, ತೊಟ್ಟು ಮುಂತಾದ ಶಬ್ದಗಳನ್ನು ಬಳಸಿ ಕೇಳುವವನಿಗೆ ಆ ಶಬ್ದಗಳುಳ್ಳ ಪುಟವೇ ಬೇಕು. ಅಂಥ ಪುಟಗಳು ವಿರಳವಾದುದರಿಂದಲೇ ಸಣ್ಣ ಸಂಸ್ಥೆಗೆ ಅಲ್ಲಿ ಸ್ಪರ್ಧೆ ಕಡಮೆ.

ತನ್ನನ್ನು ಕುರಿತು ತಾನೇ ಹೇಳಿಕೊಂಡುದಕ್ಕೆ ಬೆಲೆ ಅರ್ಧ. ಬೇರೆಯವರೂ ಅದನ್ನೇ ಹೇಳಿದಾಗ ಯಂತ್ರಕ್ಕೆ ನಂಬಿಕೆ ಹುಟ್ಟುತ್ತದೆ. ಈ ಸಾಕ್ಷ್ಯವನ್ನು ಹಣ ಕೊಟ್ಟು ಬರೆಯಿಸಿದ ಪ್ರಶಂಸೆಗಳಿಂದ ಪಡೆಯಲೆತ್ನಿಸುವುದು ಅಪ್ರಾಮಾಣಿಕವೂ ಹೌದು, ಅಪಾಯಕರವೂ ಹೌದು. ಬ್ಯಾಡಗಿಯ ಬೆಳೆಗಾರರಿಗೆ ಸಹಜವಾದ ಸಾಕ್ಷಿಯೊಂದು ಕೈಯಳತೆಯಲ್ಲಿದೆ. ೧೯೯೯ರ ಭೌಗೋಳಿಕ ಸೂಚಿಗಳ ಕಾಯಿದೆಯ ಮೇರೆಗೆ, ನೋಂದಾವಣೆಗೊಂಡ ಸೂಚಿಯ ಉತ್ಪಾದಕರು ತಮ್ಮನ್ನು ಅಧಿಕೃತ ಬಳಕೆದಾರರೆಂದು ಪ್ರತ್ಯೇಕವಾಗಿ ದಾಖಲಿಸಿಕೊಳ್ಳಬಹುದು. ಆ ದಾಖಲೆ ಸಾರ್ವಜನಿಕ. ಸೂಚಿಯು ನೋಂದಾವಣೆಯಾಗಿದೆ, ಇನ್ನೇನು ಬೇಕೆಂದು ಸುಮ್ಮನಾಗುವವರು ಈ ಎರಡನೆಯ ಹೆಜ್ಜೆಯನ್ನು ಮರೆಯುತ್ತಾರೆ. ಡಬ್ಬಿಯ ಬೆಳೆಗಾರನನ್ನು ಮರುಮಾರಾಟಗಾರನಿಂದ ಪ್ರತ್ಯೇಕಿಸಿ ತೋರಿಸುವುದಕ್ಕೆ ಇದಕ್ಕಿಂತ ಬಲವಾದ ಪ್ರಮಾಣ ದುರ್ಲಭ. ಕೃಷಿ ವಿಶ್ವವಿದ್ಯಾಲಯದ ವಿಸ್ತರಣ ಪತ್ರಿಕೆ, ಜಿಲ್ಲಾಡಳಿತದ ತಾಣ, ಸ್ಥಳೀಯ ಪತ್ರಿಕೆಯ ವರದಿ ಇವುಗಳಲ್ಲಿ ಸಂಸ್ಥೆಯ ಹೆಸರು ಪ್ರಮಾಣರೂಪದಲ್ಲಿಯೇ ಅಚ್ಚಾಗುವಂತೆ ನೋಡಿಕೊಳ್ಳುವುದು ಮುಂದಿನ ಕೆಲಸ. ವಿಕಿಪೀಡಿಯದಲ್ಲಿ ತನ್ನ ಸಂಸ್ಥೆಯ ಲೇಖನವನ್ನು ತಾನೇ ಬರೆಯುವುದನ್ನು ಅಲ್ಲಿಯ ಸಂಪಾದಕರು ಒಪ್ಪುವುದಿಲ್ಲ. ೨೦೦೩ರಿಂದ ನಡೆದು ಬಂದಿರುವ ಕನ್ನಡ ವಿಕಿಪೀಡಿಯದಲ್ಲಿ ಊರಿನ, ಬೆಳೆಯ, ಕಸುಬಿನ ಲೇಖನಗಳನ್ನು ಸಾಧಾರವಾಗಿ ಬೆಳೆಸುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇಲ್ಲ.

೭

ಉತ್ತರದಲ್ಲಿ ಹೆಸರು ಬಂದರೂ ಜನರು ತಾಣಕ್ಕೆ ಬಾರರೆಂಬ ಆಕ್ಷೇಪವು ನಿರಾಧಾರವಲ್ಲ. ಅಮೆರಿಕದ ಪ್ಯೂ ಸಂಶೋಧನ ಕೇಂದ್ರವು ೨೦೨೫ರ ಮಾರ್ಚಿನಲ್ಲಿ ಸುಮಾರು ೯೦೦ ಮಂದಿಯ ಶೋಧಗಳನ್ನು ಪರಿಶೀಲಿಸಿದಾಗ, ಯಂತ್ರದ ಸಾರಾಂಶ ಕಂಡ ಸಂದರ್ಭಗಳಲ್ಲಿ ಶೇಕಡಾ ೮ರಲ್ಲಿ ಮಾತ್ರ ಅವರು ಪಟ್ಟಿಯ ಯಾವುದಾದರೊಂದು ಪುಟವನ್ನು ತೆರೆದರು. ಸಾರಾಂಶವಿಲ್ಲದಾಗ ಶೇಕಡಾ ೧೫ರಲ್ಲಿ. ಸಾರಾಂಶದೊಳಗಿನ ಆಧಾರವನ್ನು ಒತ್ತಿದುದು ಶೇಕಡಾ ೧ರಲ್ಲಿ. ಓದುಗರ ಭೇಟಿಯಿಂದಲೇ ಬದುಕುವ ಪತ್ರಿಕೆಗೆ ಇದು ಗಂಡಾಂತರ. ಮೆಣಸಿನಕಾಯಿಯನ್ನೋ ಬೀಜವನ್ನೋ ಮಾರುವವನಿಗೆ ಭೇಟಿಯೇ ಗುರಿಯಲ್ಲ; ಉತ್ತರದಲ್ಲಿ ತನ್ನ ಹೆಸರೂ ಊರೂ ಸರಿಯಾಗಿ ಬಂದು, ಕೇಳಿದವನು ಕರೆ ಮಾಡಿದರೆ ಆಯಿತು. ವಾಚನಾಲಯದಂಥ ಸಂಸ್ಥೆಯ ಲಾಭವನ್ನು ಹೇಗೆ ಅಳೆಯಬೇಕೆಂಬುದು ಬೇರೆಯೇ ವಿಚಾರ.

ಅಳೆಯುವ ಕ್ರಮವನ್ನು ಹೇಳಿ ಮುಗಿಸುತ್ತೇವೆ. ಸಂಸ್ಥೆಗೆ ಸಂಬಂಧಿಸಿದ ಇಪ್ಪತ್ತು ಪ್ರಶ್ನೆಗಳನ್ನು ಗೊತ್ತುಮಾಡಿ, ಹತ್ತು ಕನ್ನಡದಲ್ಲಿಯೂ ಹತ್ತು ಆಂಗ್ಲದಲ್ಲಿಯೂ ಬರೆದು, ತಿಂಗಳಿಗೊಮ್ಮೆ ಎರಡು ಮೂರು ಯಂತ್ರಗಳಿಗೆ ಕೇಳಬೇಕು. ಒಂದೇ ಪ್ರಶ್ನೆಗೆ ಬೆಳಗ್ಗೆ ಒಂದು, ಸಂಜೆ ಒಂದು ಉತ್ತರ ಬರುವುದುಂಟಾದುದರಿಂದ ಪ್ರತಿಯೊಂದನ್ನೂ ಮೂರು ಸಲ ಕೇಳುವುದು ಲೇಸು. ಹೆಸರು ಬಂದಿತೆ, ಊರು ಸರಿಯೇ, ದೂರವಾಣಿ ಸಂಖ್ಯೆ ಸರಿಯೇ, ಆಧಾರವಾಗಿ ಯಾವ ಪುಟವನ್ನು ಹೇಳಿದೆ ಎಂಬ ನಾಲ್ಕು ಅಂಕಣಗಳ ಒಂದು ಪುಸ್ತಕ ಸಾಕು. ತಪ್ಪು ಕಂಡಲ್ಲಿ ಯಂತ್ರದೊಡನೆ ವಾದಿಸಿ ಫಲವಿಲ್ಲ. ಅದು ಹೆಸರಿಸಿದ ಪುಟವನ್ನು ಹಿಡಿದು ಹೋಗಬೇಕು. ಬಹುಶಃ ಅದು ಹಲವು ವರ್ಷಗಳ ಹಿಂದೆ ಯಾರೋ ತುಂಬಿ ಮರೆತ ಒಂದು ವ್ಯಾಪಾರಿ ಕೈಪಿಡಿ, ಇಲ್ಲವೆ ಹಳೆಯ ಕಚೇರಿಯನ್ನೇ ತೋರಿಸುವ ಭೂಪಟದ ಗುರುತು. ಅದನ್ನು ತಿದ್ದಿಸಿದರೆ ಕೆಲವು ವಾರಗಳಲ್ಲಿ ಉತ್ತರವೂ ತಿದ್ದುಪಡಿಯಾಗುವ ಸಂಭವವಿದೆ. ಗೂಗಲ್ ಒಂದರಲ್ಲಿಯೇ ತಿದ್ದಿ ನಿಲ್ಲಬಾರದು; ಇತರ ಯಂತ್ರಗಳಲ್ಲಿ ಕೆಲವು ಬಿಂಗ್ ಮೊದಲಾದ ಬೇರೆ ಸೂಚಿಗಳನ್ನೂ ಆಶ್ರಯಿಸುತ್ತವೆ. ತಾಣದ ಹೆಸರಿನ ವಾರ್ಷಿಕ ಶುಲ್ಕವನ್ನು ಕಟ್ಟುವ ದಿನಾಂಕ, ಭೂಪಟದ ಗುರುತಿಗೆ ಬಳಸಿದ ಮೊಬೈಲ್ ಸಂಖ್ಯೆ, ಪ್ರವೇಶಪದಗಳು ಇವೆಲ್ಲ ತಾಣವನ್ನು ಕಟ್ಟಿಕೊಟ್ಟು ಬೆಂಗಳೂರಿಗೆ ನೌಕರಿಗೆ ಹೋದ ತರುಣನ ನೆನಪಿನಲ್ಲಿ ಮಾತ್ರ ಉಳಿಯುವುದು ನಮ್ಮ ಸಂಘಗಳಲ್ಲಿ ಸಾಮಾನ್ಯ. ಅವುಗಳನ್ನು ಒಂದು ಹಾಳೆಯಲ್ಲಿ ಬರೆದು ಮುಚ್ಚಿ, ಪ್ರಮಾಣನಾಮದ ಹಾಳೆಯೊಡನೆ, ಸಂಘದ ನಡಾವಳಿ ಪುಸ್ತಕವಿರುವ ಕಪಾಟಿನಲ್ಲಿಯೇ ಇಡತಕ್ಕದ್ದು.